ಮೂರು ನಲವತ್ತರ ಕುಳಿ

ಇಬ್ರಿಯಾಚೆ, ಡಾಂಬರು ಮುಗಿದು ಜಲ್ಲಿ ಶುರುವಾಗುವಲ್ಲಿ
ನಮ್ಮ ಕಂಟೈನರ್ ಕಚೇರಿ. ಒಳಗೆ ಎಸಿಯ ಗೊರಕೆ,
ಮೂರು ಪರದೆ, ಒಂದು ಮುರುಕು ಕುರ್ಚಿ, ನಾನು.
ಹೊರಗೆ ಎರಡು ಲಕ್ಷ ಹಲಗೆಗಳ ಮೇಲೆ
ಕೇಳುವವರಿಲ್ಲದೆ ಬಿದ್ದುಕೊಂಡಿದೆ ಬಿಸಿಲು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಿದ್ದಳು ಅಜ್ಜಿ.
ಇಲ್ಲಿ ನೋಡಜ್ಜಿ, ನೆಲವೆಲ್ಲ ಕನ್ನಡಿ,
ಹುಣ್ಣು ಮಾತ್ರ ಯಾವುದರಲ್ಲೂ ಕಾಣುವುದಿಲ್ಲ.
ಅದಕ್ಕೇ ಈ ಗೆರೆ:
ನಿಮಿಷಕ್ಕೊಂದು ಚುಕ್ಕಿ ಇಟ್ಟು
ಎಳೆ ಎಳೆದು ಮುಗಿಸಿದ ದಿನ,
ನಸುಕಲ್ಲಿ ಎದ್ದು, ನಡುಹಗಲು ಗುಮ್ಮಟವಾಗಿ,
ಸಂಜೆಗೆ ಸದ್ದಿಲ್ಲದೆ ಇಳಿದದ್ದು.

ನಾನು ಬಂದ ಹೊಸತರಲ್ಲಿ ಶನಿವಾರಕ್ಕೊಮ್ಮೆ ತೊಳೆಯುತ್ತಿದ್ದರು,
ಕೊಳೆ ಇರಲಿ ಬಿಡಲಿ, ಎಣ್ಣೆಸ್ನಾನದ ಹಾಗೆ.
ಎರಡು ತಿಂಗಳ ಅಂಕಿ ಮುಂದಿಟ್ಟು ಹೇಳಿದೆ:
ಧೂಳು ತಾನಾಗಿ ಕೆಟ್ಟದ್ದಲ್ಲ,
ಗಾಳಿ ತಂದದ್ದರಲ್ಲಿ ಅರ್ಧ ಗಾಳಿಯೇ ಒಯ್ಯುತ್ತದೆ.
ಇಬ್ಬನಿ ಅದನ್ನು ಹಿಟ್ಟಿನ ಹಾಗೆ ನಾದಿ
ಬಿಸಿಲು ರೊಟ್ಟಿ ಸುಟ್ಟ ಮೇಲೆ
ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ.
ಇಬ್ಬನಿ ಬಿದ್ದ ದಿನವೇ, ಏಳು ಗಂಟೆಯೊಳಗೆ, ತೊಳೆಯಿರಿ.
ತೊಳೆದರು. ನೂರಕ್ಕೆ ನಾಲ್ಕು ಮೇಲೆದ್ದಿತು ಗೆರೆ.
ನಮ್ಮ ಮೇಲಧಿಕಾರಿ ಸುಲೈಮ್ ಅಲ್ ಯಾಕೂಬಿ
ಒಂದು ಡಬ್ಬಿ ಖರ್ಜೂರ ತಂದಿಟ್ಟು ಹೋದ. ಮಾತಾಡಲಿಲ್ಲ.

ಆಮೇಲೆ ಕಂಡಿತು ಈ ಕುಳಿ.
ಏಳನೇ ಇನ್ವರ್ಟರ್, ಹದಿನಾಲ್ಕನೇ ಸರ.
ಮಧ್ಯಾಹ್ನ ಮೂರು ನಲವತ್ತಕ್ಕೆ ಗೆರೆ ದಡಕ್ಕನೆ ಕುಸಿದು
ಹನ್ನೊಂದು ನಿಮಿಷ ಅಲ್ಲೇ ಕೂತು
ಏನೂ ಆಗದವರ ಹಾಗೆ ಎದ್ದು ಹೋಗುತ್ತದೆ.
ಮೋಡವಾದರೆ ಎಲ್ಲ ಸರಗಳೂ ತಲೆ ತಗ್ಗಿಸಬೇಕು.
ಹಕ್ಕಿಯ ಹಿಕ್ಕೆಗೆ ಗಡಿಯಾರ ಇಲ್ಲ.
ಸಡಿಲವಾದ ಕೇಬಲ್ ಶುಕ್ರವಾರ ರಜೆ ಹಾಕುವುದಿಲ್ಲ.
ಇದು ಹಾಕುತ್ತಿತ್ತು.
ಒಂದು ಬುಧವಾರವಂತೂ
ಹತ್ತೊಂಬತ್ತು ನಿಮಿಷ ಕೂತಿತ್ತು.

ಹೆಲ್ಮೆಟ್ ಏರಿಸಿ ನಾನೇ ಹೋದೆ.
ಸಾಲಿನ ಪಡುವಣ ತುದಿಗೆ ನೀರಿನ ಟ್ಯಾಂಕರ್.
ಜನವರಿಯ ಉದ್ದ ನೆರಳು ಮೂರು ಹಲಗೆಯ ಮೇಲೆ ಮಲಗಿದೆ,
ಮೂರು ಮಣಿ ಮಂಕಾದರೆ ಸರವೇ ಮಂಕು.
ಟ್ಯಾಂಕರಿನ ಮೆಟ್ಟಿಲ ಮೇಲೆ ಮೊಫಿಜುಲ್,
ಕಿವಿಗೊತ್ತಿದ ಫೋನು. ನನ್ನ ಕಡೆ ಕೈ ಎತ್ತಿ
ಸ್ವಲ್ಪ ನಿಲ್ಲಿ ಅಂದ.
ಆ ಕಡೆಯಿಂದ ಹುಡುಗಿಯ ದನಿ, ರಾಗವಾಗಿ ಹರಿದು,
ಎಲ್ಲೋ ಎಡವಿ. ಇವನು ತಲೆ ಅಲ್ಲಾಡಿಸಿ
ಮತ್ತೆ ಮೊದಲಿಂದ.
ಅವರ ಭಾಷೆ ನನಗೆ ಬಾರದು. ರಾಗ ಬರುತ್ತದೆ:
ಏಳೊಂದ್ಲ ಏಳು,
ಏಳೆರಡ್ಲ ಹದಿನಾಲ್ಕು.

ನೋವಾಖಾಲಿಯಲ್ಲಿ ಆಗ ಐದು ನಲವತ್ತು.
ಕೈಕಾಲು ತೊಳೆದು ಕೂತಿರುತ್ತಾಳಂತೆ.
ಈ ಇಡೀ ಬಯಲಲ್ಲಿ ಸಿಗ್ನಲ್ ಸಿಗುವುದು
ಈ ತುದಿಯಲ್ಲಿ ಮಾತ್ರ.
ಮೊನ್ನೆ ಬುಧವಾರ ಏನಾಗಿತ್ತು, ಕೇಳಿದೆ.
"ಒಂಬತ್ತರದ್ದು, ಮೇಡಂ," ಅಂದ ಹಿಂದಿಯಲ್ಲಿ. "ಬಹಳ ಕಷ್ಟ."

ನೆರಳಿನ ಲೆಕ್ಕ ಹಾಕಿ, ಇನ್ನೂ ಪಡುವಣಕ್ಕೆ
ಹದಿನೆಂಟು ಹೆಜ್ಜೆ ಅಳೆದು, ಒಂದು ಕಲ್ಲಿಗೆ ಸುಣ್ಣ ಬಳಿದೆ.
ಅಲ್ಲಿ ಸಿಗ್ನಲ್ ಒಂದು ಕಡ್ಡಿ ಕಡಿಮೆ.
ಮಾತಿಗೆ ಸಾಕು. ಮುಖ ಕಾಣಲು ಸಾಲದು.

ವರದಿಯಲ್ಲಿ ಕಾರಣ ಆರಿಸಬೇಕು:
ಧೂಳು, ಮೋಡ, ಹಕ್ಕಿ, ಕೇಬಲ್, ಇತರೆ.
ಇತರೆ ಒತ್ತಿ, ಪಕ್ಕದ ಖಾನೆಯಲ್ಲಿ
ಇಂಗ್ಲಿಷ್ ಅಕ್ಷರದಲ್ಲಿ ಮಗ್ಗಿ ಅಂತ ಬರೆದೆ.
ಸುಲೈಮ್ ಓದಿ ಹುಬ್ಬೇರಿಸಿದ:
"ಹಲಗೆಯ ಮೇಲೆ ನೂಡಲ್ಸ್ ಬೇಯಿಸಿದವರು ಯಾರು?"
ಬೇಸಿಗೆಯಲ್ಲಿ ಬೇಯುತ್ತದೆ, ಅಂದೆ.

ಈಗ ಹದಿನಾಲ್ಕನೇ ಸರದ ಗೆರೆ ನುಣ್ಣಗಿದೆ.
ಮೂರು ನಲವತ್ತಾದರೆ ಕಣ್ಣು ಅಲ್ಲಿಗೇ ಹೋಗುತ್ತದೆ.
ಹನ್ನೆರಡರದ್ದು ಕಲಿತಳೋ ಇಲ್ಲವೋ
ಈ ಪರದೆಯಲ್ಲಿ ಇನ್ನು ತಿಳಿಯುವುದಿಲ್ಲ.